ಕಂಪೈಲರ್ ತೆರೆದದ್ದು ಯಾವ ಫೈಲು?

ವಿಟಿಯು ಸಿಲೆಬಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಲೆಕ್ಸ್ ಮತ್ತು ಯಾಕ್ ಎಂಬ ಜೋಡಿ ಹೆಸರು ಸುಲಭಕ್ಕೆ ಮರೆಯುವಂಥದ್ದಲ್ಲ. ಸಿಸ್ಟಂ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿ ಈ ಎರಡು ಸಾಧನ ಬಳಸಿ ಕೂಡುವ, ಕಳೆಯುವ ಲೆಕ್ಕ ಓದಿ ಉತ್ತರ ಕೊಡುವ ಪುಟ್ಟ ಪ್ರೋಗ್ರಾಂ ಬರೆಯಬೇಕಿತ್ತು. ಅಲ್ಲಿ ಹೀಗಾಗುತ್ತಿದ್ದುದುಂಟು: ವಿದ್ಯಾರ್ಥಿನಿ ಬರೆದ ಒಂದೊಂದು ಸಾಲೂ ಸರಿಯಿದೆ. ಕಂಪೈಲರ್ ತಕರಾರು ಎತ್ತಿಲ್ಲ. ಪ್ರೋಗ್ರಾಂ ಓಡುತ್ತದೆ. ಆದರೆ 3+4 ಎಂದು ಟೈಪ್ ಮಾಡಿದರೆ ‘ಸಿಂಟ್ಯಾಕ್ಸ್ ಎರರ್’ ಎನ್ನುತ್ತದೆ. ಅದೇ ಕೋಡ್ ಪಕ್ಕದ ಸಿಸ್ಟಂನಲ್ಲಿ 7 ಎಂದು ಸರಿಯಾಗಿಯೇ ಹೇಳುತ್ತದೆ. ಪರೀಕ್ಷಕರು ಹತ್ತಿರ ಬರುವಷ್ಟರಲ್ಲಿ ಆಕೆ ವ್ಯಾಕರಣದ ನಿಯಮಗಳನ್ನೆಲ್ಲ ಅಳಿಸಿ ಮತ್ತೊಮ್ಮೆ ಬರೆದಿರುತ್ತಾಳೆ. ಎರರ್ ಮಾತ್ರ ಕದಲುವುದಿಲ್ಲ.

ತಪ್ಪು ಇದ್ದದ್ದು ಆಕೆ ಬರೆಯದ ಒಂದು ಫೈಲಿನಲ್ಲಿ. ಕಂಪೈಲರ್ ಅದನ್ನು ತಾನೇ ಹುಡುಕಿ ತೆರೆದಿತ್ತು. ತೆರೆದದ್ದು ಹಿಂದಿನ ವಾರದ್ದನ್ನು.

ತುಮಕೂರು ಭಾಗದಲ್ಲಿ ಸಿ ಭಾಷೆ ಕಲಿಯುವವರ ಸಂಖ್ಯೆ ಸಣ್ಣದಲ್ಲ. ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ 1963ರಿಂದಲೂ ಇದೆ. ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ ಬಂತು, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯ 2001ರಲ್ಲಿ. ಗುಬ್ಬಿಯ ಕಡೆಯಿಂದ ರೈಲಿನಲ್ಲಿ, ಕುಣಿಗಲ್ ಕಡೆಯಿಂದ ಬಸ್ಸಿನಲ್ಲಿ ತುಮಕೂರಿಗೆ ಓಡಾಡಿಕೊಂಡು ಓದುವ ಮಕ್ಕಳಲ್ಲಿ ಅನೇಕರಿಗೆ ಮೊದಲ ವರ್ಷದ ಸಿ ಲ್ಯಾಬೇ ಪ್ರೋಗ್ರಾಮಿಂಗ್‌ನ ಮೊದಲ ಪರಿಚಯ. ಆ ಪರಿಚಯದ ಮೊದಲ ಸಾಲೇ ‘#ಇನ್‌ಕ್ಲೂಡ್’. ಅದನ್ನು ಬರೆಯುವುದು ಎಲ್ಲರಿಗೂ ಬರುತ್ತದೆ. ಅದು ಏನು ಮಾಡುತ್ತದೆ ಎಂಬುದನ್ನು ತೆರೆದು ನೋಡುವ ಅವಕಾಶ ಮಾತ್ರ ಬಹಳ ಮಂದಿಗೆ ಸಿಗುವುದೇ ಇಲ್ಲ.

ಪರದೆಯ ಮೇಲೆ ಅಕ್ಷರ ಮೂಡಿಸುವ ‘ಪ್ರಿಂಟ್‌ಎಫ್’ ಎಂಬ ಕೆಲಸಗಾರನನ್ನು ಯಾವ ವಿದ್ಯಾರ್ಥಿಯೂ ತಾನೇ ಬರೆಯುವುದಿಲ್ಲ. ಅದು ಗ್ರಂಥಾಲಯದಲ್ಲಿ ಸಿದ್ಧವಾಗಿರುತ್ತದೆ. ಆದರೆ ಅದನ್ನು ಕರೆಯುವಾಗ ಏನು ಕೊಡಬೇಕು, ಅದು ಏನು ವಾಪಸು ಕೊಡುತ್ತದೆ ಎಂಬ ವಿವರ ಕಂಪೈಲರ್‌ಗೆ ಮೊದಲೇ ಗೊತ್ತಿರಬೇಕು. ಆ ವಿವರಗಳ ಪಟ್ಟಿಯೇ ಹೆಡರ್ ಫೈಲ್. ‘#ಇನ್‌ಕ್ಲೂಡ್’ ಎಂದರೆ ಆ ಫೈಲಿನ ಪಠ್ಯವನ್ನೆಲ್ಲ ತಂದು ಈ ಜಾಗದಲ್ಲಿ ಅಂಟಿಸು ಎಂದಷ್ಟೇ ಅರ್ಥ. ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಯನ್ನು ರೂಪಿಸಿದ ಡೆನ್ನಿಸ್ ರಿಚಿ, ಈ ಸೌಲಭ್ಯ 1972-73ರ ಸುಮಾರಿಗೆ ಬಂತೆಂದು ಮುಂದೆ ದಾಖಲಿಸಿದರು. ಅಲನ್ ಸ್ನೈಡರ್ ಎಂಬುವರ ಒತ್ತಾಯವೂ ಅದಕ್ಕೆ ಒಂದು ಕಾರಣವಾಗಿತ್ತು. ಬಿಸಿಪಿಎಲ್, ಪಿಎಲ್/1 ಭಾಷೆಗಳಲ್ಲಿ ಇಂಥದ್ದೇ ಅನುಕೂಲ ಆಗಲೇ ಇತ್ತು. ಅರ್ಧ ಶತಮಾನ ಕಳೆದರೂ ವಿಧಾನ ಅದೇ: ಹೆಸರು ಕೊಟ್ಟರೆ ಫೈಲ್ ಹುಡುಕು, ಸಿಕ್ಕಿದ್ದನ್ನು ಅಂಟಿಸು.

ಎಲ್ಲಿ ಹುಡುಕಬೇಕು? ಇಲ್ಲೇ ಗೊಂದಲ ಶುರುವಾಗುವುದು. ಗುಬ್ಬಿ ತಾಲ್ಲೂಕಿನಲ್ಲಿ ಕಡಬ ಎಂಬ ಹೋಬಳಿ ಕೇಂದ್ರವಿದೆ. ದಕ್ಷಿಣ ಕನ್ನಡದಲ್ಲಿ ಕಡಬ ಎಂಬ ತಾಲ್ಲೂಕೇ ಇದೆ. ಗುಬ್ಬಿ ಬಸ್ ನಿಲ್ದಾಣದಲ್ಲಿ ನಿಂತು ಕಡಬಕ್ಕೆ ಹೋಗಬೇಕು ಎಂದರೆ ಯಾರೂ ಘಟ್ಟ ಇಳಿಯುವ ಬಸ್ಸು ತೋರಿಸುವುದಿಲ್ಲ. ಪುತ್ತೂರಿನಲ್ಲಿ ಅದೇ ಮಾತು ಹೇಳಿದರೆ ಯಾರೂ ಗುಬ್ಬಿಗೆ ಕಳಿಸುವುದಿಲ್ಲ. ಹೆಸರು ಒಂದೇ, ಎಲ್ಲಿ ನಿಂತು ಕೇಳಿದಿರಿ ಎಂಬುದರ ಮೇಲೆ ಊರು ಬದಲಾಗುತ್ತದೆ. ಕಂಪೈಲರ್‌ನ ರೀತಿಯೂ ಹೀಗೆಯೇ. ಫೈಲಿನ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ, ಆ ಸಾಲು ಯಾವ ಫೈಲಿನಲ್ಲಿದೆಯೋ ಆ ಫೈಲಿರುವ ಫೋಲ್ಡರ್‌ನಲ್ಲಿ ಮೊದಲು ಹುಡುಕುತ್ತದೆ. ಕೋನಾಕಾರದ ಆವರಣದೊಳಗೆ ಬರೆದರೆ ಆ ಹೆಜ್ಜೆ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಮುಂದಿನದು ಎಂದರೆ ಕಮಾಂಡ್‌ನಲ್ಲಿ ‘-ಐ’ ಎಂಬ ದೊಡ್ಡಕ್ಷರದ ಸೂಚನೆಯೊಂದಿಗೆ ಕೊಟ್ಟ ಫೋಲ್ಡರ್‌ಗಳು, ಕೊಟ್ಟ ಕ್ರಮದಲ್ಲೇ. ಆಮೇಲೆ ‘-ಐಸಿಸ್ಟಂ’ ಎಂದು ಕೊಟ್ಟವು. ಕೊನೆಗೆ ಕಂಪೈಲರ್ ತಾನಾಗಿ ನೋಡುವ ಜಾಗಗಳು. ಉಬುಂಟು ಲಿನಕ್ಸ್‌ನ ಜಿಸಿಸಿ ಕಂಪೈಲರ್‌ನಲ್ಲಿ ಅದರ ಸ್ವಂತ ಫೋಲ್ಡರ್, ‘/ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್’, ಕೊನೆಯಲ್ಲಿ ‘/ಯುಎಸ್‌ಆರ್/ಇನ್‌ಕ್ಲೂಡ್’. ಮೊದಲು ಸಿಕ್ಕಿದ್ದೇ ಅಂತಿಮ. ಅದೇ ಹೆಸರಿನ ಇನ್ನೊಂದು ಫೈಲ್ ಮುಂದೆ ಇದೆಯೇ ಎಂದು ಅದು ನೋಡುವುದಿಲ್ಲ, ಇತ್ತು ಎಂದು ಹೇಳುವುದೂ ಇಲ್ಲ.

ಫೈಲ್ ಸಿಗಲೇ ಇಲ್ಲ ಎಂಬುದು ಸುಲಭದ ತೊಂದರೆ. ಪಿಯುಸಿಯಲ್ಲಿ ಸಿ++ ಕಲಿತ ಒಂದು ಇಡೀ ತಲೆಮಾರಿಗೆ ಟರ್ಬೊ ಸಿ++ನ ನೀಲಿ ಪರದೆ ಮತ್ತು ‘ಅನೇಬಲ್ ಟು ಓಪನ್ ಇನ್‌ಕ್ಲೂಡ್ ಫೈಲ್’ ಎಂಬ ಸಾಲು ಚೆನ್ನಾಗಿ ನೆನಪಿದೆ. ಒಂದು ಕಂಪ್ಯೂಟರಿನಿಂದ ಟಿಸಿ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಮನೆಯ ಕಂಪ್ಯೂಟರಿನಲ್ಲಿ ಬೇರೆ ಹೆಸರಿನ ಫೋಲ್ಡರ್‌ಗೆ ಹಾಕಿದರೆ ಸಾಕು, ಅದು ಹಳೆಯ ವಿಳಾಸದಲ್ಲೇ ಹುಡುಕಿ ಕೈಚೆಲ್ಲುತ್ತಿತ್ತು. ಆಪ್ಷನ್ಸ್ ಮೆನುವಿನ ಡೈರೆಕ್ಟರೀಸ್‌ಗೆ ಹೋಗಿ ಇನ್‌ಕ್ಲೂಡ್ ಮತ್ತು ಲೈಬ್ರರಿ ಎಂಬ ಎರಡು ಸಾಲು ತಿದ್ದಿದರೆ ಮುಗಿಯಿತು. ಆ ಮಕ್ಕಳೇ ಎಂಜಿನಿಯರಿಂಗ್ ಸೇರಿ ಲಿನಕ್ಸ್ ಮುಂದೆ ಕೂತಾಗ ಇನ್ನೊಂದು ಪೆಟ್ಟು: ‘ಐಒಸ್ಟ್ರೀಮ್ ಡಾಟ್ ಎಚ್’ ಸಿಗುತ್ತಿಲ್ಲ. 1998ರ ಸಿ++ ಮಾನಕ ಆ ‘ಡಾಟ್ ಎಚ್’ ಅನ್ನು ಕೈಬಿಟ್ಟಿತ್ತು, 2008ರಲ್ಲಿ ಬಂದ ಜಿಸಿಸಿ 4.3 ಹಳೆಯ ಹೆಸರಿನ ಫೈಲನ್ನೇ ತೆಗೆದುಹಾಕಿತು. ‘ಕೊನಿಯೊ ಡಾಟ್ ಎಚ್’ ಅಂತೂ ಡಾಸ್ ಕಾಲದ್ದು, ಲಿನಕ್ಸ್‌ನಲ್ಲಿ ಅದನ್ನು ಎಷ್ಟು ಹುಡುಕಿದರೂ ಇಲ್ಲ. ಇಂಥ ಎರರ್‌ಗಳು ಕಿರಿಕಿರಿ ಕೊಟ್ಟರೂ ಪ್ರಾಮಾಣಿಕ. ಏನು ಸಿಗಲಿಲ್ಲ ಎಂದು ಹೆಸರು ಹಿಡಿದು ಹೇಳುತ್ತವೆ.

ಕಾಡುವುದು ಇನ್ನೊಂದು ಬಗೆ. ಹೆಸರು ಸರಿ, ಫೈಲ್ ಬೇರೆ.

ಲ್ಯಾಬ್‌ನ ಆ ಕ್ಯಾಲ್ಕುಲೇಟರ್ ಪ್ರೋಗ್ರಾಂನಲ್ಲಿ ಆದದ್ದು ಅದೇ. ಯಾಕ್‌ಗೆ ‘-ಡಿ’ ಸೇರಿಸಿ ಕಮಾಂಡ್ ಕೊಟ್ಟರೆ ಅದು ‘ವೈ ಡಾಟ್ ಟ್ಯಾಬ್ ಡಾಟ್ ಎಚ್’ ಎಂಬ ಹೆಡರ್ ಬರೆದುಕೊಡುತ್ತದೆ. ಸಂಖ್ಯೆ, ಹೆಸರು ಮುಂತಾದ ಒಂದೊಂದು ಬಗೆಯ ಟೋಕನ್‌ಗೂ ಅದರಲ್ಲಿ ಒಂದೊಂದು ನಂಬರ್ ಇರುತ್ತದೆ. ಇಂದು ಯಾಕ್ ಹೆಸರಿನಲ್ಲಿ ಬಳಕೆಯಾಗುವ ಬೈಸನ್‌ನಲ್ಲಿ ಆ ನಂಬರ್‌ಗಳು 258ರಿಂದ ಶುರುವಾಗುತ್ತವೆ. ಹಿಂದಿನ ವಾರದ ಪ್ರೋಗ್ರಾಂನಲ್ಲಿ ಸಂಖ್ಯೆಯನ್ನು ಮೊದಲು, ಹೆಸರನ್ನು ಆಮೇಲೆ ಬರೆದಿದ್ದರಿಂದ ಸಂಖ್ಯೆಗೆ 258, ಹೆಸರಿಗೆ 259 ಬಂದಿತ್ತು. ಈ ವಾರ ಕ್ರಮ ತಿರುಗುಮುರುಗಾಯಿತು. ವಿದ್ಯಾರ್ಥಿನಿ ಈ ಸಲ ‘-ಡಿ’ ಹಾಕುವುದನ್ನು ಮರೆತಳು. ಹೊಸ ಹೆಡರ್ ಹುಟ್ಟಲಿಲ್ಲ, ಹಳೆಯದು ಅದೇ ಫೋಲ್ಡರ್‌ನಲ್ಲಿ ಕೂತಿತ್ತು. ಲೆಕ್ಸ್ ಭಾಗ ಆ ಹಳೆಯ ಪಟ್ಟಿ ನೋಡಿ, 3 ಎಂಬ ಸಂಖ್ಯೆ ಕಂಡಾಗ 258 ಎಂದಿತು. ಯಾಕ್ ಭಾಗದ ಲೆಕ್ಕದಲ್ಲಿ 258 ಎಂದರೆ ಹೆಸರು. ಹೆಸರಿನ ಮುಂದೆ ಸಮ ಚಿಹ್ನೆ ಬರಬೇಕಿತ್ತು, ಕೂಡುವ ಚಿಹ್ನೆ ಬಂತು. ಸಿಂಟ್ಯಾಕ್ಸ್ ಎರರ್! ಪಕ್ಕದ ಸಿಸ್ಟಂನಲ್ಲಿ ಹಳೆಯ ಹೆಡರ್ ಇರಲಿಲ್ಲ. ಅಲ್ಲಿ ‘-ಡಿ’ ಮರೆತಿದ್ದರೆ ಫೈಲ್ ಇಲ್ಲ ಎಂಬ ಎರರ್ ಆಗಲೇ ಬಂದು, ಕೂಡಲೇ ಸರಿಹೋಗಿರುತ್ತಿತ್ತು.

ಅಂದರೆ ಫೈಲ್ ಇಲ್ಲದೇ ಇದ್ದದ್ದೇ ಅಲ್ಲಿ ಕಾಪಾಡಿತು. ಹೊಸ ಪ್ರೋಗ್ರಾಂಗೆ ಹೊಸ ಫೋಲ್ಡರ್ ಮಾಡಿಕೊಳ್ಳಿ ಎಂದು ಲ್ಯಾಬ್‌ನ ಮೇಷ್ಟ್ರುಗಳು ಹೇಳುವುದಕ್ಕೆ ಅಚ್ಚುಕಟ್ಟುತನ ಮಾತ್ರ ಕಾರಣವಲ್ಲ.

ಇದೇ ಜಾತಿಯ ತೊಂದರೆ ಆರ್ಡುಯಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್ ಬಳಸುವ ಪ್ರಾಜೆಕ್ಟ್‌ಗಳಲ್ಲೂ ಇದೆ. ತುಮಕೂರು ಸೀಮೆಯಲ್ಲಿ ತೆಂಗು, ಅಡಿಕೆ ತೋಟದ ಮೋಟರ್ ಅನ್ನು ಕರೆಂಟ್ ಬರುವ ಹೊತ್ತಿಗೆ ತಾನಾಗಿ ಆನ್ ಮಾಡುವ ಯಂತ್ರ ಮಾಡಬೇಕೆಂಬ ಆಸೆ ಎಂಜಿನಿಯರಿಂಗ್ ಮಕ್ಕಳಿಗೆ ಸಹಜ. ಅದಕ್ಕೆ ಗಡಿಯಾರ ಬೇಕು. ಮೈಕೆಲ್ ಮಾರ್ಗೊಲಿಸ್ ಬರೆದು ಪಾಲ್ ಸ್ಟಾಫ್ರೆಗನ್ ನೋಡಿಕೊಳ್ಳುತ್ತಿರುವ ‘ಟೈಮ್’ ಎಂಬ ಲೈಬ್ರರಿ ಬಹಳ ಜನಪ್ರಿಯ. ಅದರ ಹೆಡರ್‌ನ ಹೆಸರು ಮೊದಲು ‘ಟೈಮ್ ಡಾಟ್ ಎಚ್’ ಎಂದಿತ್ತು, ಮೊದಲ ಅಕ್ಷರ ದೊಡ್ಡದು. ಸಿ ಭಾಷೆಯ ಮೂಲ ಗ್ರಂಥಾಲಯದಲ್ಲೂ ‘ಟೈಮ್ ಡಾಟ್ ಎಚ್’ ಇದೆ, ಅದು ಸಣ್ಣಕ್ಷರದ್ದು. ಲಿನಕ್ಸ್ ಇವೆರಡನ್ನೂ ಬೇರೆ ಬೇರೆ ಎಂದು ಗುರುತಿಸುತ್ತದೆ. ವಿಂಡೋಸ್‌ಗೆ ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಆರ್ಡುಯಿನೊ ಚಿಪ್‌ಗಳ ಮೂಲ ಗ್ರಂಥಾಲಯಕ್ಕೆ ಸಣ್ಣಕ್ಷರದ ಫೈಲ್ ಸೇರಿದ ಮೇಲೆ, ವಿಂಡೋಸ್‌ನಲ್ಲಿ ಹಲವರ ಪ್ರೋಗ್ರಾಂ ಗಂಟೆ, ನಿಮಿಷ ಎಂದರೆ ಏನೆಂದು ಗೊತ್ತಿಲ್ಲ ಎನ್ನತೊಡಗಿತು. ಒಂದಕ್ಕಾಗಿ ಕೇಳಿದರೆ ಇನ್ನೊಂದು ತೆರೆಯುತ್ತಿತ್ತು. ಈಗ ಅದೇ ಲೈಬ್ರರಿಯನ್ನು ‘ಟೈಮ್‌ಲಿಬ್ ಡಾಟ್ ಎಚ್’ ಎಂಬ ಹೆಸರಿನಲ್ಲಿ ಕರೆಯಬೇಕೆಂದು ಹೇಳುವುದು ಇದಕ್ಕಾಗಿಯೇ. ಒಂದೇ ಹೆಸರಿನ ಎರಡು ಲೈಬ್ರರಿ ಇನ್‌ಸ್ಟಾಲ್ ಆಗಿದ್ದರೆ ಆರ್ಡುಯಿನೊ ಒಳ್ಳೆಯ ಕೆಲಸವೊಂದನ್ನು ಮಾಡುತ್ತದೆ. ಹಲವು ಸಿಕ್ಕಿವೆ, ಇದನ್ನು ಬಳಸಿದೆ, ಇದನ್ನು ಬಳಸಲಿಲ್ಲ ಎಂದು ಪೂರ್ತಿ ವಿಳಾಸದೊಂದಿಗೆ ಬರೆಯುತ್ತದೆ. ಕೆಂಪಕ್ಷರದ ಎರರ್‌ಗಳ ನಡುವೆ ಆ ಸಾಲನ್ನು ಓದುವವರು ಕಡಿಮೆ. ಬಹಳ ಸಲ ಉತ್ತರ ಇರುವುದು ಅಲ್ಲೇ.

‘ಕಾನ್ಫಿಗ್ ಡಾಟ್ ಎಚ್’, ‘ಯುಟಿಲ್ಸ್ ಡಾಟ್ ಎಚ್’ ಇವು ಇನ್ನೂ ಅಪಾಯದ ಹೆಸರುಗಳು. ಆಟೊಕಾನ್ಫ್ ಬಳಸುವ ಯೋಜನೆಗಳೆಲ್ಲ ಸಾಮಾನ್ಯವಾಗಿ ಒಂದೊಂದು ‘ಕಾನ್ಫಿಗ್ ಡಾಟ್ ಎಚ್’ ಹುಟ್ಟಿಸಿಕೊಳ್ಳುತ್ತವೆ. ಇವುಗಳಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಗಂಟೂ ಇದೆ. ಒಂದೇ ಹೆಡರ್ ಎರಡು ಸಲ ಅಂಟಿಕೊಳ್ಳದಿರಲಿ ಎಂದು ಅದರ ತಲೆಯಲ್ಲಿ ಇನ್‌ಕ್ಲೂಡ್ ಗಾರ್ಡ್ ಬರೆಯುತ್ತಾರೆ. ಈ ಗುರುತು ಮೊದಲೇ ಬಂದಿದ್ದರೆ ಕೆಳಗಿನದನ್ನೆಲ್ಲ ಬಿಟ್ಟುಬಿಡು ಎಂಬ ಸೂಚನೆ ಅದು. ಎರಡು ಬೇರೆ ಫೈಲುಗಳಲ್ಲಿ ಗುರುತು ಒಂದೇ ಆಗಿದ್ದರೆ, ಎರಡನೆಯದು ತೆರೆದುಕೊಂಡೂ ಖಾಲಿಯಂತೆ ಹೋಗುತ್ತದೆ. ಎರರ್ ಬರುವುದು ಎಲ್ಲೋ ನೂರಾರು ಸಾಲು ಕೆಳಗೆ, ಇಂಥ ಹೆಸರು ಘೋಷಣೆಯಾಗಿಲ್ಲ ಎಂದು. ಪರಿಹಾರ ಕಡಬದ್ದೇ: ತಾಲ್ಲೂಕಿನ ಹೆಸರು ಸೇರಿಸಿ ಹೇಳುವುದು. ಹೆಡರ್‌ಗಳನ್ನು ಯೋಜನೆಯ ಹೆಸರಿನ ಫೋಲ್ಡರ್‌ನಲ್ಲಿಟ್ಟು, ಇನ್‌ಕ್ಲೂಡ್ ಸಾಲಿನಲ್ಲಿ ಆ ಫೋಲ್ಡರ್‌ನ ಹೆಸರನ್ನೂ ಬರೆದು, ಗಾರ್ಡ್‌ನಲ್ಲೂ ಅದನ್ನೇ ಸೇರಿಸಿದರೆ ಈ ಬಗೆಯ ಘರ್ಷಣೆಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಹೆಡರ್ ಒಂದು ಆವೃತ್ತಿಯದು, ಗ್ರಂಥಾಲಯ ಇನ್ನೊಂದು ಆವೃತ್ತಿಯದು ಆದಾಗ ಏನಾಗುತ್ತದೆ? ಹೆಡರ್ ಹೇಳಿದ ಅಳತೆಗೆ ಪ್ರೋಗ್ರಾಂ ಜಾಗ ಮೀಸಲಿಡುತ್ತದೆ, ಗ್ರಂಥಾಲಯ ಬೇರೆ ಅಳತೆಯಲ್ಲಿ ಬರೆಯುತ್ತದೆ. ಪ್ರೋಗ್ರಾಂ ಅರ್ಧದಲ್ಲಿ ಬಿದ್ದುಹೋಗಬಹುದು, ಬೀಳದೇ ತಪ್ಪು ಉತ್ತರವನ್ನೂ ಕೊಡಬಹುದು. ಎಚ್ಚರದ ಗ್ರಂಥಾಲಯಗಳು ಇದನ್ನು ತಾವೇ ಹಿಡಿಯುತ್ತವೆ. ಚಿತ್ರಗಳನ್ನು ಓದುವ ಲಿಬ್‌ಪಿಎನ್‌ಜಿ, ಈ ಪ್ರೋಗ್ರಾಂ ಕಟ್ಟಿದ್ದು ಇಂಥ ಆವೃತ್ತಿಯಲ್ಲಿ, ಓಡುತ್ತಿರುವುದು ಇಂಥ ಆವೃತ್ತಿಯಲ್ಲಿ ಎಂದು ಎಚ್ಚರಿಸುತ್ತದೆ. ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಕಮಾಂಡ್-ಲೈನ್ ಸಾಧನ, ಹೆಡರ್‌ಗೂ ಮೂಲಕ್ಕೂ ಹೊಂದಾಣಿಕೆಯಿಲ್ಲ ಎಂದು ಎರಡೂ ಕಡೆಯ ದಿನಾಂಕಗಳನ್ನು ಒಂದರ ಕೆಳಗೊಂದು ಮುದ್ರಿಸಿ ನಿಲ್ಲುತ್ತದೆ. ಎಂದೋ ಒಮ್ಮೆ ಸೋರ್ಸ್‌ನಿಂದ ಕಟ್ಟಿ ‘/ಯುಎಸ್‌ಆರ್/ಲೋಕಲ್’ನಲ್ಲಿ ಬಿಟ್ಟ ಹಳೆಯ ಪ್ರತಿ ಹುಡುಕಾಟದ ಸಾಲಿನಲ್ಲಿ ಮುಂದೆ ನಿಂತಿರುವುದು ಇದಕ್ಕೆ ಸಾಮಾನ್ಯ ಕಾರಣ.

ಕಣ್ಣೆದುರಿಗಿರುವ ಫೈಲನ್ನೇ ಕಂಪೈಲರ್ ಇಲ್ಲ ಎಂದದ್ದೂ ಇದೆ. 2016ರಲ್ಲಿ ಜಿಸಿಸಿ 6 ಬಂದಾಗ ಜಗತ್ತಿನಾದ್ಯಂತ ಅನೇಕ ಸಿ++ ಯೋಜನೆಗಳು ‘ಎಸ್‌ಟಿಡಿಲಿಬ್ ಡಾಟ್ ಎಚ್’ ಸಿಗುತ್ತಿಲ್ಲ ಎಂದು ನಿಂತುಹೋದವು. ಫೈಲ್ ‘/ಯುಎಸ್‌ಆರ್/ಇನ್‌ಕ್ಲೂಡ್’ನಲ್ಲಿ ಸುರಕ್ಷಿತವಾಗಿಯೇ ಇತ್ತು. ಹೊಸ ಜಿಸಿಸಿಯ ಸಿ++ ಹೆಡರ್, ‘ನನ್ನ ನಂತರದ ಫೋಲ್ಡರ್‌ಗಳಲ್ಲಿ ಹುಡುಕು’ ಎಂಬ ವಿಶೇಷ ಸೂಚನೆ ಬಳಸಿ ಸಿ ಭಾಷೆಯ ಹೆಡರನ್ನು ಕರೆಯುತ್ತಿತ್ತು. ಈ ಯೋಜನೆಗಳ ಬಿಲ್ಡ್ ವ್ಯವಸ್ಥೆ ‘-ಐಸಿಸ್ಟಂ’ ಮೂಲಕ ‘/ಯುಎಸ್‌ಆರ್/ಇನ್‌ಕ್ಲೂಡ್’ ಅನ್ನು ಅನಗತ್ಯವಾಗಿ ಮುಂದಕ್ಕೆ ತಂದು ಕೂರಿಸಿತ್ತು. ನಂತರ ಎಂದಾಗ ಅಲ್ಲಿ ಏನೂ ಉಳಿದಿರಲಿಲ್ಲ. ಆ ಒಂದು ಹೆಚ್ಚುವರಿ ಸೂಚನೆ ತೆಗೆದರೆ ಎಲ್ಲ ಸರಿಹೋಗುತ್ತಿತ್ತು. ಪಾತ್ ಸೇರಿಸುವುದೇ ಪರಿಹಾರ ಎಂದು ನಂಬಿದವರಿಗೆ ಪಾತ್ ತೆಗೆಯಬೇಕು ಎಂದು ಹೊಳೆಯುವುದು ಕಷ್ಟ.

ಇಂಥದ್ದನ್ನು ಪತ್ತೆಹಚ್ಚಲು ಊಹೆ ಬೇಕಿಲ್ಲ, ಕಂಪೈಲರನ್ನೇ ಕೇಳಬಹುದು. ಮಾಮೂಲಿ ಜಿಸಿಸಿ ಕಮಾಂಡ್‌ಗೆ ಸಣ್ಣಕ್ಷರದ ‘-ವಿ’ ಸೇರಿಸಿದರೆ, ಹುಡುಕಾಟ ಇಲ್ಲಿಂದ ಶುರು ಎಂಬ ಸಾಲಿನ ಕೆಳಗೆ ಎಲ್ಲ ಫೋಲ್ಡರ್‌ಗಳೂ ಕ್ರಮವಾಗಿ ಪರದೆಗೆ ಬರುತ್ತವೆ. ಆ ಪಟ್ಟಿಯ ಮೇಲಿನ ಸಾಲುಗಳನ್ನೂ ಬಿಡದೆ ನೋಡಬೇಕು. ‘-ಐ’ ಜೊತೆ ಕೊಟ್ಟ ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದರೆ ಜಿಸಿಸಿ ಸಾಮಾನ್ಯವಾಗಿ ಸುಮ್ಮನೆ ಅದನ್ನು ಕಡೆಗಣಿಸುತ್ತದೆ. ‘ಇಗ್ನೋರಿಂಗ್ ನಾನ್‌ಎಕ್ಸಿಸ್ಟೆಂಟ್ ಡೈರೆಕ್ಟರಿ’ ಎಂದು ಬಾಯಿಬಿಡುವುದು ಇಲ್ಲಿ ಮಾತ್ರ. ಎರಡನೆಯ ಕೀಲಿ ದೊಡ್ಡಕ್ಷರದ ‘-ಎಚ್’. ಅದು ತೆರೆದ ಒಂದೊಂದು ಹೆಡರ್‌ನ ಪೂರ್ತಿ ವಿಳಾಸವನ್ನೂ ಒಂದೊಂದು ಸಾಲಿನಲ್ಲಿ ಬರೆಯುತ್ತದೆ. ಸಾಲಿನ ಮುಂದೆ ಒಂದು ಚುಕ್ಕೆ ಇದ್ದರೆ ಪ್ರೋಗ್ರಾಂ ನೇರವಾಗಿ ಕರೆದದ್ದು, ಎರಡಿದ್ದರೆ ಅದು ಕರೆದ ಹೆಡರ್ ಕರೆದದ್ದು. ಅನುಮಾನದ ಹೆಸರನ್ನು ಆ ಪಟ್ಟಿಯಲ್ಲಿ ಹುಡುಕಿ ವಿಳಾಸ ಓದಿದರೆ, ಬೇರೆಯದು ತೆರೆದಿದ್ದರೆ ಆ ಕ್ಷಣವೇ ಗೊತ್ತಾಗುತ್ತದೆ. ಮೈಕ್ರೋಸಾಫ್ಟ್‌ನ ಕಂಪೈಲರ್‌ನಲ್ಲಿ ಇದೇ ಕೆಲಸಕ್ಕೆ ‘/ಶೋಇನ್‌ಕ್ಲೂಡ್ಸ್’ ಇದೆ. ‘ಸಿಪಾತ್’ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ ಅನ್ನು ಯಾರಾದರೂ ಮೊದಲೇ ಇಟ್ಟುಹೋಗಿದ್ದರೆ ಅದರ ಫೋಲ್ಡರೂ ‘-ವಿ’ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹಲವರು ಬಳಸುವ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ವಿಎಸ್ ಕೋಡ್ ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಇನ್‌ಕ್ಲೂಡ್ ಸಾಲಿನ ಕೆಳಗೆ ಕೆಂಪು ಗೆರೆ ಬಂದು ‘ಇನ್‌ಕ್ಲೂಡ್‌ಪಾತ್ ಅಪ್‌ಡೇಟ್ ಮಾಡಿ’ ಎಂದರೆ ಅದು ಕಂಪೈಲರ್ ಹೇಳಿದ ಮಾತಲ್ಲ, ಎಡಿಟರ್‌ನ ಮಾತು. ಎರಡರ ಪಾತ್ ಪಟ್ಟಿಗಳೂ ಬೇರೆ. ಕೆಂಪು ಗೆರೆ ಇದ್ದೂ ಕಂಪೈಲ್ ಆಗಬಹುದು, ಗೆರೆ ಇಲ್ಲದೆಯೂ ಆಗದಿರಬಹುದು. ಎಡಿಟರ್‌ನ ಸೆಟ್ಟಿಂಗ್ ತಿದ್ದಿದರೆ ಕಂಪೈಲರ್‌ಗೆ ಅದು ಗೊತ್ತೇ ಆಗುವುದಿಲ್ಲ.

ಕನ್ನಡಕ್ಕಾಗಿ ಕೋಡ್ ಬರೆಯುವವರು ಒಮ್ಮೆಯಾದರೂ ಎದುರಿಸುವ ಫೈಲ್ ‘ಎಫ್‌ಟಿ2ಬಿಲ್ಡ್ ಡಾಟ್ ಎಚ್’. ಪರದೆಯ ಮೇಲೆ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಬೇಕಾದರೆ, ಯಾವ ಅಕ್ಷರರೂಪ ಎಲ್ಲಿ ಕೂರಬೇಕೆಂದು ಹಾರ್ಫ್‌ಬಜ್ ಲೆಕ್ಕ ಹಾಕುತ್ತದೆ, ಆ ರೂಪವನ್ನು ಫ್ರೀಟೈಪ್ ಬರೆಯುತ್ತದೆ. ಫ್ರೀಟೈಪ್‌ನ ಈ ಹೆಡರ್ ಇರುವುದು ‘/ಯುಎಸ್‌ಆರ್/ಇನ್‌ಕ್ಲೂಡ್’ನಲ್ಲಿ ಅಲ್ಲ, ಅದರೊಳಗಿನ ‘ಫ್ರೀಟೈಪ್2’ ಫೋಲ್ಡರ್‌ನಲ್ಲಿ. ಹೀಗಾಗಿ ಇನ್‌ಸ್ಟಾಲ್ ಆಗಿದ್ದೂ ಸಿಗುವುದಿಲ್ಲ. ಇದು ಸಾಲದೆಂಬಂತೆ 2013ರ 2.5.1 ಆವೃತ್ತಿಯಲ್ಲಿ ಹೆಡರ್‌ಗಳ ಜಾಗ ಬದಲಾಯಿತು, 2015ರ 2.6ರಲ್ಲಿ ಮತ್ತೊಮ್ಮೆ ಬದಲಾಯಿತು. ವಿಳಾಸವನ್ನು ಕೈಯಾರೆ ಬರೆದಿಟ್ಟವರು ಎರಡೆರಡು ಸಲ ತಿದ್ದಬೇಕಾಗಿ ಬಂತು. ‘ಪಿಕೆಜಿ-ಕಾನ್ಫಿಗ್’ ಎಂಬ ಸಾಧನವನ್ನು ಕೇಳಿ ಪಡೆದವರಿಗೆ ಆ ಕಷ್ಟ ಬರಲಿಲ್ಲ. ಯಾವ ಗ್ರಂಥಾಲಯದ ಹೆಡರ್ ಎಲ್ಲಿದೆ ಎಂದು ಕೇಳಿದರೆ ‘-ಐ’ ಸಮೇತ ಬರೆದುಕೊಡುವುದೇ ಅದರ ಕೆಲಸ.

ಇಷ್ಟೆಲ್ಲ ದಾರಿಗಳಿದ್ದರೂ ರೂಢಿಯಲ್ಲಿರುವುದು ಅಡ್ಡದಾರಿ. ಹೆಡರ್ ಸಿಗದಿದ್ದರೆ ಅದನ್ನು ಎಲ್ಲಿಂದಲೋ ಕಾಪಿ ಮಾಡಿ ಪ್ರಾಜೆಕ್ಟ್ ಫೋಲ್ಡರ್‌ಗೆ ಹಾಕುವುದು, ಇಲ್ಲವೇ ಸುಡೊ ಕೊಟ್ಟು ‘/ಯುಎಸ್‌ಆರ್/ಇನ್‌ಕ್ಲೂಡ್’ಗೇ ತುರುಕುವುದು. ಆ ದಿನದ ಕೆಲಸ ಆಗುತ್ತದೆ. ಮುಂದಿನ ಸೆಮಿಸ್ಟರ್‌ನ ಹೊತ್ತಿಗೆ ಗ್ರಂಥಾಲಯ ಅಪ್‌ಡೇಟ್ ಆಗಿರುತ್ತದೆ, ಕಾಪಿ ಹಳೆಯದೇ ಇರುತ್ತದೆ. ಆಗ ಬರುವ ತೊಂದರೆ ಸುಲಭದ್ದಲ್ಲ, ಹೆಸರು ಸರಿ, ಫೈಲ್ ಬೇರೆ ಎಂಬ ಎರಡನೆಯ ಬಗೆಯದು. ಸುಲಭದ ಎರರ್ ಒಂದನ್ನು ಕಷ್ಟದ ಎರರ್ ಆಗಿ ಬದಲಾಯಿಸುವ ಈ ಅಭ್ಯಾಸವನ್ನು ಮೊದಲ ವರ್ಷದಲ್ಲೇ ಬಿಡಿಸಬೇಕು.

2023ರ ಫೆಬ್ರುವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಆ ಬಗೆಯ ಉದ್ಯಮದತ್ತ ಕಣ್ಣಿಟ್ಟಿರುವ ಸುತ್ತಲಿನ ಮಕ್ಕಳಿಗೆ ಒಂದು ವಿಷಯ ತಿಳಿದಿರಬೇಕು. ವಾಹನೋದ್ಯಮದಲ್ಲಿ ಹುಟ್ಟಿ, ಜೀವಸುರಕ್ಷತೆಗೆ ಸಂಬಂಧಿಸಿದ ಇತರ ಕ್ಷೇತ್ರಗಳಿಗೂ ಹಬ್ಬಿದ, ಸಿ ಕೋಡ್ ಬರೆಯುವ ‘ಮಿಸ್ರಾ ಸಿ’ ನಿಯಮಾವಳಿ 1998ರಿಂದ ಇದೆ. ಒಂದು ಹೆಡರ್ ಎರಡು ಸಲ ಸೇರದಂತೆ ಎಚ್ಚರ ವಹಿಸಬೇಕೆಂದು ಅದರ 2012ರ ಆವೃತ್ತಿ ಪ್ರತ್ಯೇಕವಾಗಿ ಹೇಳುತ್ತದೆ. ಲ್ಯಾಬ್‌ನಲ್ಲಿ ಸಣ್ಣದೆನಿಸುವ ಸಂಗತಿ ಅಲ್ಲಿ ನಿಯಮ.

ಹೆಡರ್ ಹುಡುಕಾಟವನ್ನು ಕಲಿಸಲು ಹೊಸ ಪಠ್ಯಪುಸ್ತಕ ಬೇಕಿಲ್ಲ, ಹೊಸ ಕಂಪ್ಯೂಟರೂ ಬೇಕಿಲ್ಲ. ಸಿ ಲ್ಯಾಬ್‌ನ ಮೊದಲ ತಿಂಗಳಲ್ಲಿ ಒಂದು ತರಗತಿ ಸಾಕು. ಒಂದೇ ಹೆಸರಿನ ಎರಡು ಹೆಡರ್‌ಗಳನ್ನು ಬೇರೆ ಬೇರೆ ಫೋಲ್ಡರ್‌ಗಳಲ್ಲಿಟ್ಟು, ‘-ಐ’ ಕ್ರಮ ಅದಲುಬದಲು ಮಾಡಿಸಿ, ದೊಡ್ಡಕ್ಷರದ ‘-ಎಚ್’ ಕೊಟ್ಟಾಗ ವಿಳಾಸ ಬದಲಾಗುವುದನ್ನು ಮಕ್ಕಳೇ ಕಣ್ಣಾರೆ ನೋಡಲಿ. ತುಮಕೂರು, ಗುಬ್ಬಿ, ಕುಣಿಗಲ್ ಮಾತ್ರವಲ್ಲ, ಸಿ ಕಲಿಸುವ ಎಲ್ಲ ಊರುಗಳ ಅಧ್ಯಾಪಕರೂ ಈ ಒಂದು ತರಗತಿಯನ್ನು ಲ್ಯಾಬ್ ಮ್ಯಾನ್ಯುಯಲ್‌ಗೆ ಸೇರಿಸಿಕೊಳ್ಳಲಿ.